ಭೀಮಶಾ, ಭೀಮಾಶಂಕರ: ಒಂದು ವಿದ್ಯಾರ್ಥಿವೇತನದ ಅರ್ಜಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಭೀಮಾಶಂಕರ ಎಂದಿತ್ತು. ಅದೇ ತಂದೆಯ ಆಧಾರ್ ಕಾರ್ಡಿನಲ್ಲಿ ಭೀಮಶಾ. ಹುಡುಗಿಯ ಹೆಸರು ಅಂಕಪಟ್ಟಿಯಲ್ಲಿ ಮನೆತನದ ಹೆಸರಿನೊಂದಿಗೆ ಇತ್ತು. ಆಧಾರ್‌ನಲ್ಲಿ ಮನೆತನದ ಹೆಸರೇ ಇಲ್ಲ, ಅವಳ ಹೆಸರಿಗೆ ‘ತಂದೆ ಭೀಮಶಾ’ ಎಂಬುದು ಅಂಟಿಕೊಂಡಿತ್ತು. ನಮ್ಮ ಕಡೆ ಹೆಸರು ಹೇಳುವ ರೀತಿಯೇ ಅದು. ಪಹಣಿಯಲ್ಲೂ ಠಾಣೆಯ ಕಾಗದದಲ್ಲೂ ಇಂಥವರು ತಂದೆ ಇಂಥವರು ಎಂದೇ ಬರೆಯುತ್ತಾರೆ. ಆಧಾರ್ ನೋಂದಣಿ ಮಾಡಿದವರು ಅದನ್ನೇ ಪೂರ್ತಿ ಹೆಸರೆಂದು ತಿಳಿದು ಟೈಪು ಮಾಡಿಬಿಟ್ಟಿದ್ದಾರೆ. ಊರಿನವರಿಗೆ ಭೀಮಶಾ ಯಾರು, ಭೀಮಾಶಂಕರ ಯಾರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಅವರು ಇಬ್ಬರು. (ಹೆಸರುಗಳನ್ನು ಇಲ್ಲಿ ಬದಲಿಸಿ ಬರೆದಿದ್ದೇನೆ. ತೊಡಕು ಮಾತ್ರ ಇದ್ದದ್ದು ಇದ್ದಂತೆಯೇ.)

2024ರ ಮೇ ತಿಂಗಳ ಒಂದು ಮಧ್ಯಾಹ್ನ ಆ ಹುಡುಗಿ ಈ ಎರಡು ಕಾಗದಗಳನ್ನು ನನ್ನ ಮೇಜಿನ ಮೇಲೆ ಇಟ್ಟಳು. ನಾನು ಆಳಂದ ತಾಲ್ಲೂಕಿನಲ್ಲಿ, ಅಮರ್ಜಾ ಜಲಾಶಯಕ್ಕೆ ಹೆಚ್ಚು ದೂರವಲ್ಲದ ಒಂದು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. ಒಂದು ಕಂಪ್ಯೂಟರ್, ಬಂದು ಹೋಗುವ ಇಂಟರ್ನೆಟ್, ನಾಲ್ಕು ಕಪಾಟು ಪುಸ್ತಕ, ಎರಡು ಬೆಂಚು. ‘ಅರಿವು’ ಎಂಬ ಹೆಸರಿನಲ್ಲಿ ಸರ್ಕಾರದ ನಿಗಮಗಳು ಕೊಡುವ ಶಿಕ್ಷಣ ಸಾಲದ ಯೋಜನೆಯೂ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ್ದು ಒಂದು, ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ್ದು ಇನ್ನೊಂದು. ಹೀಗಾಗಿ ಹೊರಗಿನ ಫಲಕ ನೋಡಿ, “ಅಕ್ಕಾ, ಇಲ್ಲಿಯೇ ಅರಿವು ಸಾಲ ಕೊಡುತ್ತಾರೇನು?” ಎಂದು ಕೇಳಿಕೊಂಡು ಬಂದವರು ಹಲವರಿದ್ದಾರೆ. ಅವರನ್ನು ಇಲ್ಲವೆಂದು ವಾಪಸು ಕಳಿಸುವ ಬದಲು ಕೂರಿಸಿ ಮಾತನಾಡಿಸಿದ್ದರಿಂದಲೇ ನನಗೆ ಈ ಕೆಲಸ ಹತ್ತಿರವಾಯಿತು. ನನ್ನ ಹುದ್ದೆಯ ಪಟ್ಟಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವುದು ಇದೆಯೋ ಇಲ್ಲವೋ, ಊರಿನ ಮಕ್ಕಳಿಗೆ ಇರುವ ಕಂಪ್ಯೂಟರ್ ಇದೊಂದೇ.

ಹುಡುಗಿ ಆಳಂದದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದಿದ್ದಳು. ಸಿಇಟಿ ಬರೆದಿದ್ದಳು. ಎಂಜಿನಿಯರಿಂಗ್ ಸೀಟು ಸಿಗಬಹುದೆಂಬ ಆಸೆಯಿತ್ತು. ಆ ಆಸೆಗೆ ಬಲ ಕೊಟ್ಟದ್ದು ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸೀಟುಗಳಲ್ಲಿ ನಮ್ಮ ಭಾಗದವರಿಗೆ ಶೇಕಡ 70ರಷ್ಟು ಮೀಸಲು, ರಾಜ್ಯದ ಉಳಿದ ಕಡೆ ಶೇಕಡ 8. ಅದರ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಕಾಲೇಜಿನವರು ಹೇಳಿದ್ದರಿಂದ ಮೊದಲೇ ಮಾಡಿಸಿಟ್ಟುಕೊಂಡಿದ್ದಳು. ಸೀಟಿನ ಬಗ್ಗೆ ಹೇಳುವವರು ಇದ್ದರು. ಸೀಟು ಸಿಕ್ಕ ಮೇಲೆ ನಾಲ್ಕು ವರ್ಷ ಕಲಬುರಗಿಯಲ್ಲಿ ಉಣ್ಣುವುದು ಹೇಗೆ, ಇರುವುದು ಎಲ್ಲಿ ಎಂಬುದನ್ನು ಹೇಳುವವರು ಯಾರೂ ಇರಲಿಲ್ಲ. ಅಪ್ಪ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಅವ್ವ ಹೊಲದ ಕೂಲಿ.

ನಾನು ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿದ್ದೇನೆ. ಯಾವ ಮಗುವಿಗೆ ಯಾವ ಬಾಗಿಲು ಎಂದು ಅದರಲ್ಲಿ ಬರೆದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಎಂದು ಇಲಾಖೆಗಳು ಬೇರೆ ಬೇರೆ; ಅರ್ಜಿ ಹಾಕುವ ಜಾಗ ಮಾತ್ರ ಒಂದೇ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಮಕ್ಕಳು ಅದನ್ನು ಎಸ್ಎಸ್‌ಪಿ ಎನ್ನುತ್ತಾರೆ. ಹುಡುಗಿಯದು ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1. ಅದಕ್ಕೆ ಕುಟುಂಬದ ವಾರ್ಷಿಕ ವರಮಾನ 2.50 ಲಕ್ಷದೊಳಗಿರಬೇಕು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಮಿತಿ ಅದೇ 2.50 ಲಕ್ಷ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಎಂಬ ಊಟ, ವಸತಿಯ ನೆರವಿದೆ. ಆ ವರ್ಷ ಅದು ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000. ಕಾರ್ಮಿಕ ಇಲಾಖೆಯಲ್ಲಿ ನೋಂದಣಿಯಾದ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯಧನ ಬೇರೆಯೇ ಇದೆ. ಇವಳ ಅಪ್ಪ ಹದಿನೈದು ವರ್ಷ ಇಟ್ಟಿಗೆ ಹೊತ್ತಿದ್ದಾನೆ. ಆದರೆ ದುಡಿದದ್ದೆಲ್ಲ ಮಹಾರಾಷ್ಟ್ರದಲ್ಲಿ. ಇಲ್ಲಿನ ಕಾರ್ಮಿಕ ಕಾರ್ಡು ಇಲ್ಲ. ಆ ಸಾಲನ್ನು ಹಾಳೆಯ ಮೇಲೆ ಓದಿ ಹುಡುಗಿ ಸುಮ್ಮನೆ ಮುಂದಿನ ಸಾಲಿಗೆ ಬೆರಳು ಸರಿಸಿದಳು. ಊರು ಬಿಟ್ಟು ದುಡಿಯುವವರ ಮಕ್ಕಳಿಗೆ ಎರಡೂ ರಾಜ್ಯ ಪರವೂರೇ ಆಗಿಬಿಡುತ್ತದೆ ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಮೊದಲು ಹೆಸರು. ಯಾವ ಕಾಗದವನ್ನು ಯಾವ ಕಾಗದಕ್ಕೆ ಹೊಂದಿಸಬೇಕು ಎಂಬುದೇ ಇದರಲ್ಲಿ ನಿಜವಾದ ಲೆಕ್ಕಾಚಾರ. ಅಂಕಪಟ್ಟಿ ತಿದ್ದಿಸಲು ಶಾಲೆಯಿಂದ ಮಂಡಳಿಯವರೆಗೆ ಅಲೆಯಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆಧಾರ್ ತಿದ್ದುವುದು ಸುಲಭ. ಹೀಗಾಗಿ ನನ್ನ ರೂಢಿ ಎಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲವೆಂದು ಹಿಡಿಯುವುದು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸುವುದು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ತಿದ್ದಿಸುವ ಮುನ್ನ ಒಂದು ಬಿಳಿ ಹಾಳೆಯಲ್ಲಿ ಅಂಕಪಟ್ಟಿಯಲ್ಲಿದ್ದಂತೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ದೊಡ್ಡದಾಗಿ ಬರೆದು ಮಗುವಿನ ಕೈಗೆ ಕೊಡುತ್ತೇನೆ. ಕೇಂದ್ರದಲ್ಲಿ ಟೈಪು ಮಾಡುವವರಿಗೆ ಬಾಯಲ್ಲಿ ಹೇಳಬೇಡ, ಈ ಹಾಳೆ ತೋರಿಸು, ಒಪ್ಪಿಗೆ ಒತ್ತುವ ಮೊದಲು ಪರದೆಯನ್ನು ನಿನ್ನ ಕಡೆ ತಿರುಗಿಸಿ ತೋರಿಸಲು ಕೇಳು ಎಂದು ಹೇಳಿ ಕಳಿಸುತ್ತೇನೆ.

ಹುಡುಗಿ ಮತ್ತು ಅವ್ವ ಆಳಂದಕ್ಕೆ ಹೋದರು. ಬಸ್ಸಿನ ಖರ್ಚಿಲ್ಲ, ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳನ್ನು ಇಂಥ ಓಡಾಟಕ್ಕೆ ಕಳಿಸಲು ಮನೆಯವರು ಹಿಂದೆ ಮುಂದೆ ನೋಡುವುದಿಲ್ಲ. ಆದರೆ ಕೂಲಿ ಹೋಗುತ್ತದೆ. ಮೊದಲ ದಿನ ಟೋಕನ್ ಮುಗಿದಿತ್ತು. ಎರಡನೇ ದಿನ ಬೆರಳಚ್ಚು ಹೊಂದಲಿಲ್ಲ. ಹದಿನೈದು ತುಂಬಿದ ಮೇಲೆ ಮಕ್ಕಳ ಬೆರಳಚ್ಚು, ಕಣ್ಣು, ಭಾವಚಿತ್ರವನ್ನು ಮತ್ತೆ ಕೊಡಬೇಕೆಂಬ ನಿಯಮವಿದೆ. ಇವಳು ಕೊಟ್ಟಿರಲಿಲ್ಲ, ಯಾರೂ ಹೇಳಿರಲಿಲ್ಲ. ಅದನ್ನೂ ಅಂದೇ ಮಾಡಿಸಿಕೊಂಡು ಬಂದಳು. ಜೊತೆಗೆ ಆಧಾರ್‌ಗೆ ಅವ್ವನ ಹೊಸ ಮೊಬೈಲ್ ಸಂಖ್ಯೆಯನ್ನು ಸೇರಿಸಿದ್ದಾಯಿತು. ಹಳೆಯ ಸಂಖ್ಯೆ ಯಾವಾಗಲೋ ಬಂದ್ ಆಗಿತ್ತು. ಈ ಒಂದು ಕೆಲಸ ಆಗದಿದ್ದರೆ ಮುಂದೆ ಯಾವುದೂ ಆಗುವುದಿಲ್ಲ. ಎಲ್ಲ ಬಾಗಿಲಿಗೂ ಒಟಿಪಿ ಬರುವುದು ಅಲ್ಲಿಗೇ.

ಅಪ್ಪನ ಹೆಸರು ಉಳಿಯಿತು. ಅವನು ಪುಣೆಯಲ್ಲಿ. “ಹೆಸರು ತಿದ್ದಿಸುವುದಕ್ಕೆ ನಾಲ್ಕು ದಿನ ರಜೆ ಹಾಕಿ ಬಂದರೆ ಮುಕಾದಮ ಕೆಲಸದಿಂದ ತೆಗೆಯುತ್ತಾನೆ ಅಕ್ಕಾ” ಎಂದು ಫೋನಿನಲ್ಲಿ ಹೇಳಿದ. ಬರಬೇಕಾದ ಅಗತ್ಯವೇ ಇರಲಿಲ್ಲ. ಆಧಾರ್ ತಿದ್ದುಪಡಿಯನ್ನು ದೇಶದ ಯಾವ ಕೇಂದ್ರದಲ್ಲಾದರೂ ಮಾಡಿಸಬಹುದು. ಮತದಾರರ ಗುರುತಿನ ಚೀಟಿಯಲ್ಲಿ ಅವನ ಹೆಸರು ಪುಣ್ಯಕ್ಕೆ ಭೀಮಾಶಂಕರ ಎಂದೇ ಇತ್ತು, ಮನೆಯ ಟ್ರಂಕಿನಲ್ಲಿತ್ತು. ಪುಣೆಗೆ ಹೊರಟಿದ್ದ ಓಣಿಯ ಹುಡುಗನೊಬ್ಬನ ಕೈಯಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಿದೆವು, ನಾನು ಬರೆದ ಹಾಳೆಯೂ ಜೊತೆಗಿತ್ತು. ವಾರದ ರಜೆಯ ದಿನ ಹೋಗಿ ಮಾಡಿಸಿಕೊಂಡ. ಹತ್ತು ದಿನಕ್ಕೆ ಭೀಮಶಾ ಭೀಮಾಶಂಕರನಾದ.

ನಾಡಕಚೇರಿಯ ಕೆಲಸ ಇದರ ಹಿಂದೆಯೇ ಬಂತು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಪೋರ್ಟಲ್ ಕೇಳುವುದು ಆ ಸಂಖ್ಯೆಯನ್ನು ಮಾತ್ರ, ಕಾಗದವನ್ನಲ್ಲ. ಸಂಖ್ಯೆ ಹಾಕಿದರೆ ಹೆಸರು, ಜಾತಿ, ವರಮಾನ ಎಲ್ಲ ತಾನಾಗಿ ಬರಬೇಕು. ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ. ಇವಳದು ಎಂಟನೇ ತರಗತಿಯಲ್ಲಿ ಮಾಡಿಸಿದ್ದು, ಆ ಬೇಸಿಗೆಗೆ ಅವಧಿ ತೀರುತ್ತಿತ್ತು. ಅದರಲ್ಲೂ ಅಪ್ಪ ಭೀಮಶಾನೇ. ಹೊಸದಕ್ಕೆ ಅರ್ಜಿ ಹಾಕಿದೆವು. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು, ಕೂಲಿ ಎಷ್ಟು ದಿನ, ಹೊಲ ಎಷ್ಟು ಎಂದು ಸಮಾಧಾನದಿಂದ ಕೇಳಿಕೊಂಡು ಹೋದರು. ಈ ಹಂತದಲ್ಲಿ ಕೆಲವರು ವರಮಾನವನ್ನು ಹನ್ನೊಂದು ಸಾವಿರ ಎಂದು ಬರೆಸಲು ನೋಡುತ್ತಾರೆ. ನಾನು ಬೇಡವೆನ್ನುತ್ತೇನೆ. ಅವ್ವ ಅಪ್ಪ ಇಬ್ಬರೂ ದುಡಿದರೂ ಮಿತಿಯ ಹತ್ತಿರ ಬರುವುದಿಲ್ಲ. ಬಡತನಕ್ಕೆ ಸುಳ್ಳು ಸೇರಿಸುವ ಅಗತ್ಯವೇ ನಮ್ಮ ಊರಿನಲ್ಲಿ ಇಲ್ಲ. ಇದ್ದದ್ದನ್ನು ಇದ್ದಂತೆ ಬರೆಸಿದರೆ ಸಾಲ ಕೇಳುವಾಗ, ಹಾಸ್ಟೆಲ್ ಕೇಳುವಾಗ ಅದೇ ಕಾಗದ ತಲೆಯೆತ್ತಿ ನಿಲ್ಲುತ್ತದೆ.

ಸೀಟು ಬಂತು. ಕಲಬುರಗಿಯಲ್ಲೇ ಬಂತು. ಊರಿಗೆ ಊರೇ ಸಂತೋಷಪಟ್ಟಿತು. ಮೊದಲ ಸುತ್ತಿನಲ್ಲಿ ಹಾಸ್ಟೆಲ್ ಸಿಗಲಿಲ್ಲ. ಮೂವರು ಹುಡುಗಿಯರು ಸೇರಿ ಒಂದು ಕೋಣೆ ಹಿಡಿದರು. ಮುಂಗಡ, ಪುಸ್ತಕ, ಹಾಸಿಗೆ, ಪಾತ್ರೆಗೆ ಸೋದರಮಾವ ತೊಗರಿ ಮಾರಿದ ಹಣದಲ್ಲಿ ಉಳಿದದ್ದನ್ನು ಕೊಟ್ಟ.

ಈ ನಡುವೆ ಶಿಕ್ಷಣ ಸಾಲ ಕೇಳಲು ಒಂದು ಬ್ಯಾಂಕಿಗೂ ಹೋಗಿದ್ದೆವು. “ಪಹಣಿ ತನ್ನಿ, ಜಾಮೀನುದಾರರನ್ನು ತನ್ನಿ” ಎಂದರು. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಾನು ಅದನ್ನು ಹೇಳಿದೆ. ಮೇಜಿನ ಆಚೆ ಇದ್ದವರು ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ, “ಮುಂದಿನ ವಾರ ಬನ್ನಿ” ಎಂದರು. ಹೊರಗೆ ಬಂದ ಮೇಲೆ ಅವ್ವ, “ಸಾಲ ಬೇಡ ಅಕ್ಕಾ, ಸರ್ಕಾರದ್ದು ಬಂದಷ್ಟು ಬರಲಿ, ಉಳಿದದ್ದು ನಾವು ದುಡಿಯುತ್ತೇವೆ” ಎಂದಳು. ನಾನು ಒತ್ತಾಯಿಸಲಿಲ್ಲ. ಸಾಲವೆಂದರೆ ಅವಳಿಗೆ ಗೊತ್ತಿದ್ದದ್ದು ವಾರಕ್ಕೊಮ್ಮೆ ಮನೆ ಬಾಗಿಲಿಗೆ ಬರುವ ಗುಂಪಿನ ಸಾಲ. ಓದು ಮುಗಿದ ಮೇಲೆ ಕಂತು ಶುರುವಾಗುವ ಸಾಲವೂ ಇದೆ ಎಂಬುದನ್ನು ಒಂದೇ ಮಧ್ಯಾಹ್ನದಲ್ಲಿ ನಂಬಿಸಲು ಆಗುವುದಿಲ್ಲ.

ಎಸ್ಎಸ್‌ಪಿ ಅರ್ಜಿ ತುಂಬಿದ್ದು ನಾಲ್ಕು ಸಂಜೆಗಳಲ್ಲಿ. ಹಗಲು ಪುಟ ತೆರೆಯುತ್ತಲೇ ಇರಲಿಲ್ಲ. ಮೊದಲ ಸಂಜೆ ಒಳಗೆ ಹೋಗಲೂ ಆಗಲಿಲ್ಲ. ಪಿಯುಸಿಯಲ್ಲಿದ್ದಾಗ ಯಾವುದೋ ಅಂಗಡಿಯವರು ಇವಳ ಅರ್ಜಿ ತುಂಬುವಾಗ ಖಾತೆಗೆ ತಮ್ಮ ಮೊಬೈಲ್ ಸಂಖ್ಯೆ ಕೊಟ್ಟಿದ್ದರು. ಗುಪ್ತಪದ ನೆನಪಿಲ್ಲ, ಹೊಸದಕ್ಕೆ ಕೇಳಿದರೆ ಒಟಿಪಿ ಹೋಗುವುದು ಆ ಅಂಗಡಿಯ ಫೋನಿಗೆ. ಹುಡುಗಿ ಮರುದಿನ ಆ ಅಂಗಡಿಗೆ ಹೋಗಿ ಪಕ್ಕದಲ್ಲಿ ನಿಂತು ಒಟಿಪಿ ಕೇಳಿ ಬರೆದುಕೊಂಡು ಫೋನಿನಲ್ಲಿ ನನಗೆ ಓದಿ ಹೇಳಿದಳು. ಒಳಗೆ ಹೋದ ಕೂಡಲೇ ಸಂಖ್ಯೆ ಬದಲಿಸಿದೆವು. ಅಂಗಡಿಯವರ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ನಲವತ್ತು ಮಕ್ಕಳು ಬಂದರೆ ಅವರು ಬೇಗ ಮುಗಿಯುವ ದಾರಿಯನ್ನೇ ಹಿಡಿಯುತ್ತಾರೆ. ಆದರೆ ಆ ಖಾತೆ ಮಗುವಿನ ನಾಲ್ಕೈದು ವರ್ಷದ ಓದಿನ ಬೀಗದ ಕೈ. ಅದು ಬೇರೆಯವರ ಜೇಬಿನಲ್ಲಿ ಇರಬಾರದು.

ಒಳಗಿನ ಪ್ರಶ್ನೆಗಳು ಕಷ್ಟವಲ್ಲ, ಕಾಗದ ಕೈಯಲ್ಲಿದ್ದರೆ. ತಂದೆ ತಾಯಿಯ ಆಧಾರ್, ಆರ್‌ಡಿ ಸಂಖ್ಯೆಗಳು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ನೋಂದಣಿ ಸಂಖ್ಯೆ, ಸೀಟು ಯಾವ ಕೋಟಾದ್ದು, ಶುಲ್ಕದ ರಸೀದಿ. ಅಂಕಪಟ್ಟಿಯ ಸಂಖ್ಯೆ ಹಾಕಿ ಒತ್ತಿದಾಗ ಹೆಸರು ಹೊಂದಿತು ಎಂದು ಪರದೆ ಹೇಳಿದ ಕ್ಷಣ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇ ತಿಂಗಳ ಎರಡು ದಿನದ ಕೂಲಿ, ಪುಣೆಗೆ ಹೋದ ಪ್ಲಾಸ್ಟಿಕ್ ಚೀಲ, ಎಲ್ಲ ಆ ಒಂದು ಸಾಲಿಗಾಗಿ. ಒಂದು ಕಡೆ ನಾನೇ ತಪ್ಪುವುದರಲ್ಲಿದ್ದೆ. ‘ಹಾಸ್ಟೆಲ್‌ನಲ್ಲಿದ್ದೀರಾ’ ಎಂಬ ಪ್ರಶ್ನೆಗೆ ಅವಳು ಹೌದು ಎನ್ನಲು ಹೊರಟಿದ್ದಳು, ನಾನು ಗಮನಿಸಿರಲಿಲ್ಲ. ಮೂವರು ಸೇರಿ ಹಿಡಿದ ಕೋಣೆಯನ್ನು ಅವಳು ಹಾಸ್ಟೆಲ್ ಎಂದೇ ಕರೆಯುತ್ತಿದ್ದಳು. ಹೌದು ಎಂದು ಒತ್ತಿದ್ದರೆ ವಿದ್ಯಾಸಿರಿಯ ಪ್ರಶ್ನೆಯೇ ಬರುತ್ತಿರಲಿಲ್ಲ. ಅಂದಿನಿಂದ ಯಾವ ಮಗುವಿನ ಅರ್ಜಿಯಲ್ಲೂ ಆ ಸಾಲಿಗೆ ಬಂದಾಗ, “ರಾತ್ರಿ ಎಲ್ಲಿ ಮಲಗುತ್ತೀಯಾ, ಬಾಡಿಗೆ ಯಾರಿಗೆ ಕೊಡುತ್ತೀಯಾ” ಎಂದು ಬಿಡಿಸಿ ಕೇಳುತ್ತೇನೆ.

ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ ಆಗಬೇಕಿತ್ತು. ಆ ಕೆಲಸ ಹೊತ್ತವರು ಬೇರೆ ಕೆಲಸಗಳ ನಡುವೆ ಅದನ್ನು ಮಾಡುವವರು. ಮೂರು ವಾರ ಏನೂ ಆಗಲಿಲ್ಲ. ಕೊನೆಯ ದಿನಾಂಕ ಹತ್ತಿರ ಬಂದಾಗ ಮುಂದೂಡುವುದು ವಾಡಿಕೆಯಾದರೂ ಅದನ್ನೇ ನಂಬಿ ಕುಳಿತು ವರ್ಷ ಕಳೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. “ದಿನಾ ಮಧ್ಯಾಹ್ನದ ವಿರಾಮದಲ್ಲಿ ಹೋಗಿ ನಮಸ್ಕಾರ ಮಾಡಿ ನಿಂತುಕೋ, ಜೊತೆಗೆ ನಿನ್ನಂತೆಯೇ ಕಾಯುತ್ತಿರುವ ಐವರನ್ನು ಕರೆದುಕೊಂಡು ಹೋಗು” ಎಂದೆ. ಆರು ಜನ ಹೋದರು. ಒಂದೇ ದಿನದಲ್ಲಿ ಆರೂ ಜನರದ್ದು ಮುಗಿಯಿತು.

ಇನ್ನು ಬ್ಯಾಂಕ್ ಖಾತೆ. ಇದನ್ನು ಬರೆಯುವಾಗ ನನಗೆ ಎರಡು ವರ್ಷದ ಹಿಂದಿನ ಒಬ್ಬ ಹುಡುಗ ನೆನಪಾಗುತ್ತಾನೆ. ಡಿಪ್ಲೊಮಾ ಮೊದಲ ವರ್ಷ. ಅರ್ಜಿ ಸರಿಯಿತ್ತು, ಮಂಜೂರಾಗಿತ್ತು, ಹಣ ಮಾತ್ರ ಬರಲಿಲ್ಲ. ಬ್ಯಾಂಕಿಗೆ ಹೋದ, ತಾಲ್ಲೂಕು ಕಚೇರಿಗೆ ಹೋದ, ಕಲಬುರಗಿಯ ಮಿನಿ ವಿಧಾನಸೌಧಕ್ಕೂ ಹೋದ. ಎಲ್ಲರೂ “ಹಣ ಹೋಗಿದೆ” ಎಂದರು. ಅವನ ಪಾಸ್‌ಬುಕ್‌ನಲ್ಲಿ ಇಲ್ಲ. ಬೇಸತ್ತು ಓದು ಬಿಟ್ಟು ಪುಣೆಗೆ ಹೋದ. ಆರು ತಿಂಗಳ ನಂತರ ಅವನ ಅಕ್ಕ ಬೇರೆ ಕೆಲಸಕ್ಕೆ ನನ್ನ ಬಳಿ ಬಂದಾಗ ಅವನನ್ನು ಫೋನಿನಲ್ಲಿ ಹಿಡಿದು ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದೆವು. ಸಿಮ್ ಕೊಳ್ಳುವಾಗ ಬೆರಳು ಒತ್ತಿಸಿಕೊಂಡು ಅಂಗಡಿಯವರು ತೆರೆದಿದ್ದ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ಅಲ್ಲಿತ್ತು. ಅಂಥ ಖಾತೆ ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹಣವೆಲ್ಲ ಅದರಲ್ಲೇ ಕುಳಿತಿತ್ತು. ಹಣ ಸಿಕ್ಕಿತು. ಹುಡುಗ ಕಾಲೇಜಿಗೆ ವಾಪಸಾಗಲಿಲ್ಲ.

ಸರ್ಕಾರ ನೇರವಾಗಿ ಹಾಕುವ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಹೋಗುವುದಿಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಜೋಡಣೆ ಒಂದೇ ಬ್ಯಾಂಕಿಗೆ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎನ್ನುವುದು ಬೇರೆ, ನೇರ ನಗದು ವರ್ಗಾವಣೆಗೆ ಆ ಬ್ಯಾಂಕು ಜೋಡಣೆಯಾಗಿರುವುದು ಬೇರೆ. ಈ ವ್ಯತ್ಯಾಸವನ್ನು ನಾನು ಆ ಹುಡುಗನಿಂದ ಕಲಿತೆ. ಎರಡು ವರ್ಷ ಮೊದಲೇ ಕಲಿತಿದ್ದರೆ ಎಂದು ಎಷ್ಟೋ ರಾತ್ರಿ ಅನಿಸಿದೆ.

ಈ ಹುಡುಗಿಯ ಖಾತೆಯನ್ನು ನೋಡಿದರೆ ಜೋಡಣೆಯೇ ಇರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ತೆರೆದ ಖಾತೆ ನಿಷ್ಕ್ರಿಯವಾಗಿತ್ತು. ಅದನ್ನು ಎಬ್ಬಿಸಲು ಬ್ಯಾಂಕಿಗೆ ಅಲೆಯುವ ಬದಲು ನಮ್ಮ ಅಂಚೆಯಣ್ಣನನ್ನು ಕೇಳಿದೆ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನು ಅವರು ಊರಲ್ಲೇ, ಬೆರಳಚ್ಚು ತೆಗೆದುಕೊಂಡು, ಕನಿಷ್ಠ ಶಿಲ್ಕಿನ ಷರತ್ತಿಲ್ಲದೆ ತೆರೆದುಕೊಡುತ್ತಾರೆ, ಆಧಾರ್ ಜೋಡಣೆಗೂ ಅಲ್ಲೇ ಒಪ್ಪಿಗೆ ಪಡೆಯುತ್ತಾರೆ. ಅವರು ಸೈಕಲ್ ನಿಲ್ಲಿಸಿ ನನ್ನ ಮೇಜಿನ ಮೇಲೆಯೇ ಮಾಡಿದರು. ಮೇ ತಿಂಗಳಲ್ಲಿ ಬೆರಳಚ್ಚು ಹೊಸದಾಗಿ ಕೊಟ್ಟಿದ್ದರಿಂದ ಮೊದಲ ಸಲಕ್ಕೇ ಹಿಡಿಯಿತು. ನಾಲ್ಕು ದಿನ ಬಿಟ್ಟು ನೋಡಿದಾಗ ಜೋಡಣೆ ಸಕ್ರಿಯ ಎಂದು ತೋರಿಸಿತು. ಅವಳ ಫೋನಿನಲ್ಲಿ ರಾಜ್ಯ ಸರ್ಕಾರದ ನೇರ ನಗದು ವರ್ಗಾವಣೆಯ (ಡಿಬಿಟಿ) ಆ್ಯಪ್ ಹಾಕಿಕೊಟ್ಟೆ. ಯಾವ ಇಲಾಖೆಯಿಂದ ಯಾವ ದಿನ ಎಷ್ಟು ಹಣ ಯಾವ ಬ್ಯಾಂಕಿಗೆ ಹೋಯಿತು ಎಂಬುದು ಅದರಲ್ಲಿ ಕಾಣುತ್ತದೆ. ಕಚೇರಿಗೆ ಹೋಗುವ ಮೊದಲು ಇದನ್ನು ನೋಡಿಕೊಂಡು ಹೋದರೆ ಯಾರನ್ನು ಏನು ಕೇಳಬೇಕೆಂದು ತಿಳಿದಿರುತ್ತದೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲೂ ಒಂದು ಪ್ರಯತ್ನ ಮಾಡಿದೆವು. ತಾಂತ್ರಿಕ ಕೋರ್ಸಿಗೆ ಸೇರುವ ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಪ್ರಗತಿ ಯೋಜನೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ, ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ ಸಾಕು, ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಸಿಗುತ್ತದೆ. ಅಲ್ಲಿ 2024-25ರಿಂದ ಒಂದು ಬಾರಿಯ ನೋಂದಣಿ ಕಡ್ಡಾಯವಾಗಿದೆ, ಫೋನಿನ ಮುಂದೆ ಮುಖ ಹಿಡಿದು ಗುರುತು ಖಚಿತಪಡಿಸಬೇಕು. ಗ್ರಂಥಾಲಯದ ಒಳಗೆ ಬೆಳಕು ಸಾಲದೆ ಹೊರಗೆ ಬೇವಿನ ಮರದ ಕೆಳಗೆ ನಿಂತು ಕಣ್ಣು ಮಿಟುಕಿಸಿದಾಗ ಆಯಿತು. ಅದು ಅಂಕದ ಮೇಲೆ ಆಯ್ಕೆಯಾಗುವ ಯೋಜನೆ, ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಬೇಸರವಾಯಿತು. ಆದರೂ ಹಾಕಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಆ ನೋಂದಣಿ ಸಂಖ್ಯೆ ಮುಂದಿನ ವರ್ಷಗಳಿಗೂ ಅದೇ. ಸರ್ಕಾರಿ ಶಾಲೆ, ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ಗೋಡೆಯ ಹಾಳೆಗೆ ಆ ಸಾಲನ್ನು ಕೆಂಪು ಮಸಿಯಲ್ಲಿ ಸೇರಿಸಿದ್ದೇನೆ. ಅದು ಬರುವ ವೇಳೆಗೆ ಇವಳ ಮೊದಲ ವರ್ಷ ಮುಗಿದಿತ್ತು.

ಆಮೇಲೆ ಕಾಯುವ ಕಾಲ. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ, ಆದರೆ ಮಕ್ಕಳು ಮುರಿಯುವುದು ಇಲ್ಲಿಯೇ. ಎಳ್ಳ ಅಮಾವಾಸ್ಯೆಗೆ ಹುಡುಗಿ ಊರಿಗೆ ಬಂದಿದ್ದಳು. ಹೊಲದಲ್ಲಿ ಸೋದರಮಾವನ ಮನೆಯವರೊಂದಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಊಟ ಮಾಡುವಾಗ ನನ್ನನ್ನೂ ಕರೆದಿದ್ದರು. ತೊಗರಿ ಕೊಯ್ಲಿನ ಹೊತ್ತು. ಅವ್ವ ನನ್ನ ತಟ್ಟೆಗೆ ಭಜ್ಜಿ ಬಡಿಸುತ್ತ ಮೆಲ್ಲಗೆ ಕೇಳಿದಳು: “ಅಕ್ಕಾ, ಬರುತ್ತದೋ ಇಲ್ಲವೋ ಒಂದು ಮಾತು ಹೇಳಿಬಿಡಿ. ಬಾರದಿದ್ದರೆ ನಾನೂ ಯುಗಾದಿಯ ಮೇಲೆ ಪುಣೆಗೆ ಹೋಗುತ್ತೇನೆ.” ಅರ್ಜಿ ಕಾಲೇಜು ದಾಟಿ ಇಲಾಖೆಯಲ್ಲಿದೆ, ತಿರಸ್ಕಾರವಾಗಿಲ್ಲ, ಖಾತೆ ಸರಿಯಿದೆ, ಇಷ್ಟು ನನಗೆ ಗೊತ್ತು ಎಂದೆ. ಬಂದೇ ಬರುತ್ತದೆ ಎಂದು ಹೇಳಲಿಲ್ಲ. ಗೊತ್ತಿಲ್ಲದ ಭರವಸೆ ಕೊಟ್ಟು ಒಂದು ಮನೆಯ ಲೆಕ್ಕ ಕೆಡಿಸುವ ಹಕ್ಕು ನನಗಿಲ್ಲ. ಜನವರಿಯಲ್ಲಿ ಒಮ್ಮೆ 1902ಕ್ಕೆ, ಜನಸ್ಪಂದನ ಸಹಾಯವಾಣಿಗೆ ಕರೆ ಮಾಡಿ ದೂರು ಸಂಖ್ಯೆ ಪಡೆದೆ. ಫೆಬ್ರವರಿಯಲ್ಲಿ ಅರ್ಜಿಯ ಸ್ಥಿತಿ ಮಂಜೂರಾಗಿದೆ ಎಂದು ಬದಲಾಯಿತು.

ಹಣ ಬಂದದ್ದು ಮಾರ್ಚ್‌ನಲ್ಲಿ, ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ನಡೆಯುತ್ತಿದ್ದ ವಾರ. ಅವಳು ತೇರು ನೋಡಲು ಗೆಳತಿಯರೊಂದಿಗೆ ಹೊರಟಿದ್ದಳಂತೆ. ಜನಜಂಗುಳಿಯ ಸದ್ದಿನಲ್ಲಿ ಅವಳ ಮಾತು ನನಗೆ ಅರ್ಧ ಕೇಳಿಸಿತು. “ಹದಿನೈದು ಸಾವಿರ ಅಕ್ಕಾ, ವಿದ್ಯಾಸಿರಿ, ಅಂಚೆ ಖಾತೆಗೆ” ಎಂಬಷ್ಟು ಸಾಕಾಗಿತ್ತು. ಅವ್ವನಿಗೆ ಹೇಳಿದೆಯಾ ಎಂದು ಕೇಳಿದೆ. “ಅಪ್ಪನಿಗೆ ಮೊದಲು ಹೇಳಿದೆ, ಹೆಸರು ಬದಲಿಸಿಕೊಂಡದ್ದು ಅವನಲ್ಲವೇ” ಎಂದಳು. ಅವ್ವ ಪುಣೆಗೆ ಹೋಗಲಿಲ್ಲ.

ನನ್ನ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಪ್ರತಿ ಮಗುವಿಗೆ ಒಂದು ಪುಟ. ಅಂಕಪಟ್ಟಿಯ ಹೆಸರು, ಆಧಾರ್ ಹೆಸರು, ತಂದೆಯ ಹೆಸರು ಎರಡರಲ್ಲೂ, ಆಧಾರ್‌ಗೆ ಕೊಟ್ಟ ಮೊಬೈಲ್ ಯಾರ ಕೈಯಲ್ಲಿದೆ, ಆದಾಯ ಪ್ರಮಾಣಪತ್ರ ಯಾವ ತಿಂಗಳು ಮುಗಿಯುತ್ತದೆ, ಜೋಡಣೆ ಯಾವ ಬ್ಯಾಂಕಿಗೆ. ಗುಪ್ತಪದವನ್ನು ಮಾತ್ರ ನಾನು ಬರೆದುಕೊಳ್ಳುವುದಿಲ್ಲ, ಅವರವರೇ ಬರೆದಿಟ್ಟುಕೊಳ್ಳುತ್ತಾರೆ. ಆ ಪುಟಗಳನ್ನು ತಿರುವಿ ನೋಡಿದಾಗ ಅರ್ಜಿಯಲ್ಲಿ ಬಿದ್ದ ತೊಡಕುಗಳಲ್ಲಿ ಹೆಚ್ಚಿನವು ಅರ್ಜಿ ತೆರೆಯುವ ತಿಂಗಳುಗಳ ಮೊದಲೇ ಇದ್ದವು ಎಂಬುದು ಕಾಣಿಸಿತು. ಹಾಗಾಗಿ 2025ರ ಏಪ್ರಿಲ್‌ನಲ್ಲಿ, ಪಿಯುಸಿ ಫಲಿತಾಂಶಕ್ಕೂ ಮೊದಲೇ, ಬಾಗಿಲಿಗೆ ಒಂದು ಕಾಗದ ಅಂಟಿಸಿದೆ. ಪಾಸಾಗುತ್ತೀರೋ ಇಲ್ಲವೋ ಎಂದು ಯೋಚಿಸಬೇಡಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನು ಹಿಡಿದುಕೊಂಡು ಬನ್ನಿ, ಹೆಸರು ಹೊಂದುತ್ತದೆಯೇ ಎಂದಷ್ಟೇ ನೋಡೋಣ ಎಂದು ಅದರಲ್ಲಿ ಬರೆದಿದ್ದೆ.

ಮೊದಲ ದಿನ ನಾಲ್ವರು ಬಂದರು. ಅವರಲ್ಲಿ ಇಬ್ಬರ ಹೆಸರು ಹೊಂದಲಿಲ್ಲ, ಒಬ್ಬನ ಆಧಾರ್ ಯಾವ ಬ್ಯಾಂಕಿಗೂ ಜೋಡಣೆಯಾಗಿರಲಿಲ್ಲ. ಬಿಳಿ ಹಾಳೆ ತೆಗೆದು ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದೆ. ಕಾಲೇಜು ಶುರುವಾಗಲು ಇನ್ನೂ ಮೂರು ತಿಂಗಳಿತ್ತು.